ಬಡ ದೇಶಗಳ ಸಾಲ, ಬಡ್ಡಿ, ಮನ್ನಾ: ಕಾಸರಗೋಡಿನ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಶ್ರೀಲಂಕಾ 2022ರಲ್ಲಿ ಸಾಲ ಕಟ್ಟಲಾರೆನೆಂದು ಕೈಚೆಲ್ಲಿದ ಮೇಲೆ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ವಾಚನಾಲಯಗಳಲ್ಲಿ ದೇಶಗಳ ಸಾಲದ ವಿಷಯ ಆಗಾಗ ಮಾತಿಗೆ ಬರುತ್ತದೆ. ಕೇಳುವವರಲ್ಲಿ ಅಡಿಕೆ ಬೆಳೆಗಾರರಿದ್ದಾರೆ, ಗಲ್ಫಿನಿಂದ ಮರಳಿದವರಿದ್ದಾರೆ, ಸಹಕಾರಿ ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಪಿಎಸ್‌ಸಿ ಪರೀಕ್ಷೆಗೆ ಓದುವ ಮಕ್ಕಳೂ ಇದ್ದಾರೆ. ಪ್ರಶ್ನೆಗಳನ್ನು ಅವರು ಕೇಳಿದ ಧಾಟಿಯಲ್ಲಿಯೇ ಇಟ್ಟಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಬೆರೆತಿದೆ, ಅದನ್ನು ಮುಚ್ಚಿಡುವ ಉದ್ದೇಶವಿಲ್ಲ.

‘ಬಡ ದೇಶ’ ಎಂದು ತೀರ್ಮಾನಿಸುವವರು ಯಾರು? ಶ್ರೀಲಂಕಾ, ಪಾಕಿಸ್ತಾನ ಇದರಲ್ಲಿ ಸೇರುತ್ತವೆಯೇ?

ವಿಶ್ವಬ್ಯಾಂಕ್ ಪ್ರತಿ ವರ್ಷ ಜುಲೈಯಲ್ಲಿ ಒಂದು ಪಟ್ಟಿ ಹೊರಡಿಸುತ್ತದೆ. 2024ರ ಪಟ್ಟಿಯ ಪ್ರಕಾರ ತಲಾ ವಾರ್ಷಿಕ ಆದಾಯ 1,145 ಡಾಲರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಕಡಿಮೆ ಆದಾಯದ ದೇಶ. ಆ ವರ್ಷ ಅಂಥವು 26 ಇದ್ದವು. ಮೊಜಾಂಬಿಕ್, ಮಲಾವಿ, ಉಗಾಂಡ, ಚಾಡ್ ಇವೆಲ್ಲ ಅದರೊಳಗಿದ್ದವು. ಶ್ರೀಲಂಕಾ, ಪಾಕಿಸ್ತಾನ, ಘಾನಾ ಮತ್ತು ನಮ್ಮ ಭಾರತ ಒಂದು ಮೆಟ್ಟಿಲು ಮೇಲಿನ ಗುಂಪಿನವು.

ಈ ಗೆರೆಯನ್ನು ಅತಿಯಾಗಿ ನಂಬಬೇಕಾಗಿಲ್ಲ. ಸಾಲ ಪರಿಹಾರದ ಯೋಜನೆಗಳಲ್ಲಿ ಗೆರೆಯ ಆಚೀಚೆ ಇರುವ ಎಪ್ಪತ್ತಕ್ಕೂ ಹೆಚ್ಚು ದೇಶಗಳನ್ನು ಒಟ್ಟಿಗೆ ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಗೆರೆಯಿಂದ ಕೆಲವರಿಗೆ ನಷ್ಟವೂ ಇದೆ. ಶ್ರೀಲಂಕಾ ದಿವಾಳಿ ಅಂಚಿಗೆ ಬಂದಾಗ ಬಡ ದೇಶಗಳಿಗೆಂದು ದೊಡ್ಡ ಆರ್ಥಿಕತೆಗಳ ಕೂಟವಾದ ಜಿ20 ಮಾಡಿಟ್ಟಿದ್ದ ವ್ಯವಸ್ಥೆಯೊಳಗೆ ಅದಕ್ಕೆ ಪ್ರವೇಶ ಸಿಗಲಿಲ್ಲ. ಪ್ರತ್ಯೇಕ ಸಮಿತಿಯನ್ನೇ ರಚಿಸಬೇಕಾಯಿತು.

ಒಂದು ದೇಶಕ್ಕೆ ಸಾಲ ಕೊಡುವವರು ಯಾರು?

ಮೂರು ಬಗೆಯವರು. ಒಂದು, ವಿಶ್ವಬ್ಯಾಂಕ್, ಅಂತರರಾಷ್ಟ್ರೀಯ ಹಣಕಾಸು ನಿಧಿ, ಆಫ್ರಿಕಾ ಅಭಿವೃದ್ಧಿ ಬ್ಯಾಂಕ್‌ನಂತಹ ಬಹುರಾಷ್ಟ್ರೀಯ ಸಂಸ್ಥೆಗಳು. ಇವುಗಳ ಬಡ್ಡಿ ಕಡಿಮೆ, ವಾಯಿದೆ ದೀರ್ಘ. ಎರಡು, ಸರ್ಕಾರಗಳು. ಹಿಂದೆ ಅಮೆರಿಕ, ಜಪಾನ್, ಫ್ರಾನ್ಸ್‌ನಂತಹ ದೇಶಗಳು ಮುಂದಿದ್ದವು, ಈಗ ಚೀನಾ ಅತಿ ದೊಡ್ಡ ಸಾಲದಾತ, ಭಾರತವೂ ಸಣ್ಣ ಪ್ರಮಾಣದಲ್ಲಿ ಇದೆ. ಮೂರು, ಖಾಸಗಿಯವರು: ಬ್ಯಾಂಕುಗಳು ಮತ್ತು ದೇಶದ ಬಾಂಡುಗಳನ್ನು, ಅಂದರೆ ಮಾರುಕಟ್ಟೆಯಲ್ಲಿ ಮಾರುವ ಸಾಲಪತ್ರಗಳನ್ನು, ಕೊಂಡ ಹೂಡಿಕೆ ನಿಧಿಗಳು. ಇಲ್ಲಿ ಬಡ್ಡಿ ಹೆಚ್ಚು, ತಾಳ್ಮೆ ಕಡಿಮೆ.

1956ರಲ್ಲಿ ಅರ್ಜೆಂಟೀನಾದ ಸಾಲದ ಮಾತುಕತೆಯಿಂದ ಹುಟ್ಟಿದ ‘ಪ್ಯಾರಿಸ್ ಕ್ಲಬ್’ ಎಂಬ ಸರ್ಕಾರಿ ಸಾಲದಾತರ ಕೂಟದಲ್ಲಿ ಈಗ 22 ಸದಸ್ಯ ದೇಶಗಳಿವೆ. ಚೀನಾವೂ ಭಾರತವೂ ಅದರ ಸದಸ್ಯರಲ್ಲ. ಹಿಂದಿನ ಕಾಲದಲ್ಲಿ ಆ ಒಂದು ಕೋಣೆಯಲ್ಲಿ ಮುಗಿಯುತ್ತಿದ್ದ ಮಾತುಕತೆ ಈಗ ಮುಗಿಯದಿರುವುದಕ್ಕೆ ಇದೂ ಒಂದು ಕಾರಣ.

ತಮ್ಮದೇ ನೋಟು ಅಚ್ಚು ಹಾಕಿ ಸಾಲ ತೀರಿಸಬಾರದೇ?

ಸಾಲ ಡಾಲರಿನಲ್ಲಿರುತ್ತದೆ. ಡಾಲರ್ ಬರಬೇಕಾದರೆ ತಾಮ್ರವನ್ನೋ ಕಾಫಿಯನ್ನೋ ಗೇರುಬೀಜವನ್ನೋ ಹೊರದೇಶಕ್ಕೆ ಮಾರಬೇಕು, ಇಲ್ಲವೇ ಹೊರಗೆ ದುಡಿಯುವವರು ಹಣ ಕಳುಹಿಸಬೇಕು. ಎರಡನೆಯದು ಗಲ್ಫ್ ಹಣದಲ್ಲಿ ಬೆಳೆದ ನಮ್ಮ ಜಿಲ್ಲೆಗೆ ವಿವರಿಸಿ ಹೇಳಬೇಕಾದ ವಿಷಯವಲ್ಲ.

ಸ್ಥಳೀಯ ನೋಟನ್ನು ಹೆಚ್ಚು ಅಚ್ಚು ಹಾಕಿದಷ್ಟೂ ಅದರ ಬೆಲೆ ಇಳಿಯುತ್ತದೆ, ಡಾಲರ್ ಸಾಲ ಇನ್ನೂ ಭಾರವಾಗುತ್ತದೆ. 2022ರ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು 200 ಇದ್ದ ಶ್ರೀಲಂಕಾ ರೂಪಾಯಿ ಕೆಲವೇ ತಿಂಗಳಲ್ಲಿ 360ರ ಹತ್ತಿರಕ್ಕೆ ಹೋಯಿತು. ಹೊಸದಾಗಿ ಒಂದು ಬಿಡಿಗಾಸು ಸಾಲ ಮಾಡದಿದ್ದರೂ ಹಳೆಯ ಡಾಲರ್ ಸಾಲ ಅವರ ರೂಪಾಯಿಯಲ್ಲಿ ಶೇಕಡಾ 80ರಷ್ಟು ಉಬ್ಬಿತು.

ಇಷ್ಟೊಂದು ಸಾಲ ಆದದ್ದು ಹೇಗೆ? ಮಂತ್ರಿಗಳು ನುಂಗಿದ್ದೇ ಅಲ್ಲವೇ?

ನುಂಗಿದ್ದೂ ಇದೆ. ಜೈರ್ (ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ) ದೇಶವನ್ನು ಮೂರು ದಶಕ ಆಳಿದ ಮೊಬುಟು ಎಷ್ಟು ದೋಚುತ್ತಾನೆಂದು ಸಾಲ ಕೊಟ್ಟವರಿಗೂ ಗೊತ್ತಿತ್ತು. ಶೀತಲ ಸಮರದಲ್ಲಿ ತಮ್ಮ ಕಡೆಯವನೆಂಬ ಕಾರಣಕ್ಕೆ ಕೊಡುತ್ತಲೇ ಹೋದರು. ಸಾಲ ಮಾತ್ರ ಅವನ ಹೆಸರಿನಲ್ಲಿ ಉಳಿಯಲಿಲ್ಲ, ಜನರ ತಲೆಗೆ ಬಂತು.

ಆದರೆ ಎಲ್ಲವನ್ನೂ ಕಳ್ಳತನದ ಲೆಕ್ಕಕ್ಕೆ ಬರೆದರೆ ದೊಡ್ಡ ಕಾರಣಗಳು ತಪ್ಪಿಹೋಗುತ್ತವೆ. 1970ರ ದಶಕದಲ್ಲಿ ತೈಲದ ಬೆಲೆ ಏರಿ, ಅರಬ್ ದೇಶಗಳ ಹಣ ಪಾಶ್ಚಾತ್ಯ ಬ್ಯಾಂಕುಗಳಲ್ಲಿ ತುಂಬಿ, ಆ ಬ್ಯಾಂಕುಗಳು ಬಡ ದೇಶಗಳ ಬಾಗಿಲಿಗೆ ಹೋಗಿ ಸಾಲ ಕೊಟ್ಟವು. ಹಣದುಬ್ಬರ ಇಳಿಸಲೆಂದು ಅಮೆರಿಕದ ಕೇಂದ್ರ ಬ್ಯಾಂಕ್ ಬಡ್ಡಿಯನ್ನು 1981ರ ಹೊತ್ತಿಗೆ ಶೇಕಡಾ 20ರ ಹತ್ತಿರಕ್ಕೆ ಏರಿಸಿತು. ಬದಲಾಗುವ ಬಡ್ಡಿಯ ಕರಾರು ಮಾಡಿಕೊಂಡಿದ್ದವರು ಸಿಕ್ಕಿಬಿದ್ದರು. 1982ರ ಆಗಸ್ಟಿನಲ್ಲಿ ಮೆಕ್ಸಿಕೊ ಕೈಯೆತ್ತಿತು, ಹಿಂದೆಯೇ ಸಾಲುಸಾಲು ದೇಶಗಳು.

ನಲವತ್ತು ವರ್ಷಗಳ ನಂತರ ನಡೆದದ್ದೂ ಹೆಚ್ಚು ಬೇರೆಯಲ್ಲ. ಬಡ್ಡಿ ಅಗ್ಗವಿದ್ದ 2010ರ ದಶಕದಲ್ಲಿ ಆಫ್ರಿಕಾದ ದೇಶಗಳು ಡಾಲರ್ ಬಾಂಡುಗಳನ್ನು ಮಾರಿದವು. ಕೋವಿಡ್ ಬಂತು, ಯುಕ್ರೇನ್ ಯುದ್ಧದಿಂದ ಗೋಧಿ, ಗೊಬ್ಬರ, ತೈಲ ತುಟ್ಟಿಯಾದವು. 2022ರ ಮಾರ್ಚಿನಲ್ಲಿ ಶೂನ್ಯದ ಆಸುಪಾಸಿನಲ್ಲಿದ್ದ ಅಮೆರಿಕದ ಬಡ್ಡಿದರ 2023ರ ಜುಲೈ ವೇಳೆಗೆ ಶೇಕಡಾ 5.25ನ್ನು ದಾಟಿತು. ಜಾಂಬಿಯಾದ ರಾಜಧಾನಿ ಲುಸಾಕದಲ್ಲಿಯೋ ಘಾನಾದ ರಾಜಧಾನಿ ಅಕ್ರಾದಲ್ಲಿಯೋ ಕುಳಿತ ಹಣಕಾಸು ಸಚಿವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಇದರಲ್ಲಿ ಒಂದನ್ನೂ ತಡೆಯಲಾಗುತ್ತಿರಲಿಲ್ಲ.

ಈಗ ಹೊರೆ ಎಷ್ಟಿದೆ?

ವಿಶ್ವಬ್ಯಾಂಕಿನ ಲೆಕ್ಕದಂತೆ ಅಭಿವೃದ್ಧಿಶೀಲ ದೇಶಗಳೆಲ್ಲ ಸೇರಿ 2023ರಲ್ಲಿ ವಿದೇಶಿ ಸಾಲದ ಅಸಲು ಮತ್ತು ಬಡ್ಡಿಗೆಂದು 1.4 ಲಕ್ಷ ಕೋಟಿ ಡಾಲರ್ ಕಟ್ಟಿವೆ. ಅವುಗಳ ಪೈಕಿ ಅತಿ ಬಡವರ ಪಾಲು 9,620 ಕೋಟಿ ಡಾಲರ್, ಅದರಲ್ಲಿ ಬಡ್ಡಿಯೇ 3,460 ಕೋಟಿ. ಆರೋಗ್ಯ ಅಥವಾ ಶಿಕ್ಷಣಕ್ಕಿಂತ ಬಡ್ಡಿಗೇ ಹೆಚ್ಚು ಖರ್ಚು ಮಾಡುವ ದೇಶಗಳಲ್ಲಿ 330 ಕೋಟಿ ಜನ ಬದುಕುತ್ತಿದ್ದಾರೆ ಎಂದು ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ವಿಭಾಗ 2024ರಲ್ಲಿ ಹೇಳಿತು. ಕಡಿಮೆ ಆದಾಯದ ದೇಶಗಳಲ್ಲಿ ಸುಮಾರು ಅರ್ಧದಷ್ಟು ಈಗಾಗಲೇ ಸಾಲದ ಸಂಕಟದಲ್ಲಿವೆ ಅಥವಾ ಅದರ ಅಂಚಿನಲ್ಲಿವೆ.

ಇದು ನಮ್ಮ ರೈತರ ಸಾಲಮನ್ನಾ ಇದ್ದ ಹಾಗೆಯೇ ಅಲ್ಲವೇ?

ಹೊರನೋಟಕ್ಕೆ ಹೌದು. ಕೊಳೆರೋಗ ಬಂದು ಅಡಿಕೆ ಉದುರಿದರೆ ಸೊಸೈಟಿಯ ಕಂತು ತಪ್ಪುತ್ತದೆ. ತಾಮ್ರದ ಬೆಲೆ ಕುಸಿದರೆ ಜಾಂಬಿಯಾದ ಕಂತು ತಪ್ಪುತ್ತದೆ. ಎರಡು ಕಡೆಯೂ ಬೆಳೆದವನ ಕೈಯಲ್ಲಿ ಧಾರಣೆ ಇಲ್ಲ.

ಒಳಗೆ ನೋಡಿದರೆ ವ್ಯತ್ಯಾಸ ದೊಡ್ಡದು. ರೈತನ ಸಾಲ ಮನ್ನಾ ಆದಾಗ ಬ್ಯಾಂಕಿಗೆ ಸರ್ಕಾರ ಹಣ ತುಂಬಿಕೊಡುತ್ತದೆ. ನಡುವೆ ಮೂರನೆಯವರೊಬ್ಬರಿದ್ದಾರೆ. ಕೇರಳದಲ್ಲಿ ಇದಕ್ಕೆಂದೇ 2006ರ ಕಾಯ್ದೆಯಡಿ ರೈತರ ಸಾಲ ಪರಿಹಾರ ಆಯೋಗವಿದೆ. ಸಾಲಗಾರ ಅಲ್ಲಿ ಅರ್ಜಿ ಹಾಕಬಹುದು, ಬ್ಯಾಂಕಿನವರನ್ನು ಎದುರಿಗೆ ಕೂರಿಸಿ ವಿಚಾರಣೆ ನಡೆಯುತ್ತದೆ. ಕಂಪನಿ ಮುಳುಗಿದರೂ ದಿವಾಳಿ ಕಾನೂನಿದೆ, ನ್ಯಾಯಮಂಡಳಿ ಇದೆ.

ದೇಶ ಮುಳುಗಿದರೆ ಹೋಗಿ ನಿಲ್ಲಲು ಯಾವ ನ್ಯಾಯಾಲಯವೂ ಇಲ್ಲ. ಎಷ್ಟು ಬಿಡಬೇಕು, ಯಾವಾಗ ಬಿಡಬೇಕು, ಯಾವ ಷರತ್ತಿಗೆ ಬಿಡಬೇಕು ಎಂಬುದನ್ನೆಲ್ಲ ಸಾಲ ಕೊಟ್ಟವರೇ ಕುಳಿತು ತೀರ್ಮಾನಿಸುತ್ತಾರೆ. ಇಂಥದೊಂದು ದಿವಾಳಿ ವ್ಯವಸ್ಥೆ ಬೇಕೆಂದು ಹಣಕಾಸು ನಿಧಿಯ ಉಪ ಮುಖ್ಯಸ್ಥೆಯಾಗಿದ್ದ ಆ್ಯನ್ ಕ್ರೂಗರ್ 2001ರಲ್ಲಿ ಪ್ರಸ್ತಾಪ ಮುಂದಿಟ್ಟರು. ಅಮೆರಿಕ ಒಪ್ಪದೆ 2003ರಲ್ಲಿ ಅದು ಕಪಾಟು ಸೇರಿತು. ಬಡ ದೇಶಗಳ ಸಾಲದ ಕತೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಸಂಗತಿ ಇದು. ಮುಂದಿನ ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರ ಇಲ್ಲಿಯೇ ಇದೆ.

ಇದುವರೆಗೆ ನಿಜವಾಗಿ ಯಾರದಾದರೂ ಸಾಲ ಮನ್ನಾ ಆಗಿದೆಯೇ?

ಆಗಿದೆ. 1996ರಲ್ಲಿ ವಿಶ್ವಬ್ಯಾಂಕ್ ಮತ್ತು ಹಣಕಾಸು ನಿಧಿ ಸೇರಿ ಭಾರೀ ಸಾಲಗ್ರಸ್ತ ಬಡ ದೇಶಗಳ ಯೋಜನೆಯನ್ನು ಆರಂಭಿಸಿದವು. 1998ರಲ್ಲಿ ಮೊದಲು ಪರಿಹಾರ ಪಡೆದದ್ದು ಉಗಾಂಡ. ಅದೇ ವರ್ಷ ಮೇ ತಿಂಗಳಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಶ್ರೀಮಂತ ದೇಶಗಳ ನಾಯಕರು ಸೇರಿದ್ದಾಗ ಬಡ ದೇಶಗಳ ಸಾಲ ರದ್ದಾಗಲಿ ಎಂದು ಕೇಳುತ್ತಿದ್ದ ‘ಜುಬಿಲಿ 2000’ ಚಳವಳಿಯ ಸುಮಾರು 70,000 ಜನ ಕೈಕೈ ಹಿಡಿದು ಸರಪಳಿ ಕಟ್ಟಿದರು. ಮರುವರ್ಷ ಯೋಜನೆ ಸಡಿಲಗೊಂಡಿತು. ರಫ್ತು ಆದಾಯದ ಒಂದೂವರೆ ಪಟ್ಟಿಗಿಂತ ಹೆಚ್ಚು ಸಾಲವಿದ್ದರೆ ಹೆಚ್ಚಿನದ್ದನ್ನು ಇಳಿಸುವುದು ಎಂಬ ಅಳತೆ ಬಂತು. 2005ರಲ್ಲಿ ಸ್ಕಾಟ್ಲೆಂಡಿನ ಗ್ಲೆನೀಗಲ್ಸ್‌ನಲ್ಲಿ ಸೇರಿದ ಶ್ರೀಮಂತ ದೇಶಗಳ ಜಿ8 ಸಭೆಯ ನಂತರ ಬಹುರಾಷ್ಟ್ರೀಯ ಸಂಸ್ಥೆಗಳ ಸಾಲವೂ ಪೂರ್ತಿ ರದ್ದಾಗುವ ದಾರಿ ತೆರೆಯಿತು.

ಒಟ್ಟು 37 ದೇಶಗಳಿಗೆ 10,000 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಸಿಕ್ಕಿದೆ. ಕೊನೆಗೆ ದಡ ಸೇರಿದ್ದು ಸೊಮಾಲಿಯಾ, 2023ರ ಡಿಸೆಂಬರಿನಲ್ಲಿ. ಯೋಜನೆ ಶುರುವಾಗಿ ಇಪ್ಪತ್ತೇಳು ವರ್ಷಗಳ ನಂತರ.

ಆ ಹಣ ಶಾಲೆ, ಆಸ್ಪತ್ರೆಗೆ ಹೋಯಿತೇ?

ಬಹಳ ಕಡೆ ಹೋಯಿತು. ಟಾಂಜಾನಿಯಾ 2001ರಲ್ಲಿ ಪ್ರಾಥಮಿಕ ಶಾಲಾ ಶುಲ್ಕ ತೆಗೆದುಹಾಕಿತು, ಮಕ್ಕಳ ದಾಖಲಾತಿ ಒಮ್ಮೆಲೇ ಏರಿತು. ಜಾಂಬಿಯಾ 2006ರಲ್ಲಿ ಹಳ್ಳಿಗಳ ಆಸ್ಪತ್ರೆಗಳಲ್ಲಿ ಶುಲ್ಕ ನಿಲ್ಲಿಸಿತು. ‘ಮನ್ನಾ ಮಾಡಿದರೆ ಎಲ್ಲ ಮಣ್ಣುಪಾಲು’ ಎನ್ನುವವರು ಇವನ್ನು ಮರೆಯುತ್ತಾರೆ.

ಷರತ್ತು ಹಾಕುತ್ತಾರೆ ಎನ್ನುತ್ತಾರಲ್ಲ, ಎಂಥ ಷರತ್ತು? ನಮಗೂ ಅದಕ್ಕೂ ಏನಾದರೂ ಸಂಬಂಧವಿದೆಯೇ?

ಇದೆ. ಗೇರುಬೀಜದ ಮೂಲಕ ಇದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊಜಾಂಬಿಕ್ 1970ರ ದಶಕದ ಆರಂಭದಲ್ಲಿ ಜಗತ್ತಿನಲ್ಲಿಯೇ ಅತಿ ಹೆಚ್ಚು ಗೇರುಬೀಜ ಬೆಳೆಯುತ್ತಿದ್ದ ದೇಶ. ಅಲ್ಲಿ ಬೀಜ ಒಡೆದು ತಿರುಳು ತೆಗೆಯುವ ಕಾರ್ಖಾನೆಗಳೂ ಇದ್ದವು. ಪೋರ್ಚುಗೀಸರು ಹೋದ ಮೇಲೆ 1977ರಿಂದ 1992ರವರೆಗೆ ನಡೆದ ಅಂತರ್ಯುದ್ಧದಲ್ಲಿ ತೋಟಗಳೂ ಕಾರ್ಖಾನೆಗಳೂ ಹಾಳಾದವು. ದೇಶ ಸಾಲಕ್ಕೆ ಬಿತ್ತು. ಹಸಿ ಗೇರುಬೀಜ ದೇಶದೊಳಗಿನ ಕಾರ್ಖಾನೆಗಳಿಗೇ ಸಿಗಲಿ ಎಂದು ಸರ್ಕಾರ ಅದರ ರಫ್ತಿನ ಮೇಲೆ ಭಾರೀ ತೆರಿಗೆ ಹಾಕಿತ್ತು. ಆ ತೆರಿಗೆ ಇಳಿಸಬೇಕು ಎಂದು 1990ರ ದಶಕದ ಮಧ್ಯದಲ್ಲಿ ವಿಶ್ವಬ್ಯಾಂಕ್ ಷರತ್ತು ವಿಧಿಸಿತು. ರೈತರಿಗೆ ಒಳ್ಳೆಯ ಬೆಲೆ ಸಿಗುತ್ತದೆ ಎಂಬುದು ಅದರ ವಾದ. ವಾದದಲ್ಲಿ ಹುರುಳಿರಲಿಲ್ಲ ಎಂದಲ್ಲ, ಕಾರ್ಖಾನೆಯವರು ರೈತರಿಗೆ ಕೊಡುತ್ತಿದ್ದ ಬೆಲೆ ಕಡಿಮೆಯೇ ಇತ್ತು.

ತೆರಿಗೆ ಇಳಿಯಿತು. ಹಸಿ ಬೀಜ ಹಡಗು ಹತ್ತಿತು. ಹೋದದ್ದು ಎಲ್ಲಿಗೆ? ಮುಖ್ಯವಾಗಿ ಭಾರತಕ್ಕೆ. ಕೊಲ್ಲಂ, ಮಂಗಳೂರಿನಂತಹ ಕಡೆಗಳ ಗೇರು ಕಾರ್ಖಾನೆಗಳು ಇಲ್ಲಿನ ಬೆಳೆಯೊಂದರಿಂದಲೇ ವರ್ಷವಿಡೀ ನಡೆಯುವುದಿಲ್ಲ, ಆಫ್ರಿಕಾದ ಬೀಜ ಬೇಕು. ಅತ್ತ ಮೊಜಾಂಬಿಕ್‌ನಲ್ಲಿ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ರೈತರಿಗೆ ಸಿಕ್ಕಿದ್ದೆಷ್ಟು? ಡ್ಯಾನಿ ರೋಡ್ರಿಕ್ ಮತ್ತಿತರ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ ಗೇರು ಬೆಳೆಯುವ ಒಂದು ಕುಟುಂಬಕ್ಕೆ ವರ್ಷಕ್ಕೆ ಐದು ಡಾಲರಿನಷ್ಟು ಲಾಭ ಎಂದು ಕಂಡಿತು. ಉಳಿದದ್ದು ನಡುವಿನ ವ್ಯಾಪಾರಿಗಳ ಜೇಬಿಗೆ. ದಶಕದ ಕೊನೆಯಲ್ಲಿ ಅಲ್ಲಿನ ಸಂಸತ್ತು ತೆರಿಗೆಯನ್ನು ಮತ್ತೆ ಏರಿಸಿತು, ಆದರೆ ಮುಚ್ಚಿದ ಕಾರ್ಖಾನೆ ಮಸೂದೆಯಿಂದ ತೆರೆಯುವುದಿಲ್ಲ.

ನಮ್ಮ ಕಡೆಯ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಗೇರು ಕಾರ್ಖಾನೆಗಳಲ್ಲಿ ದುಡಿದು ಸಂಸಾರ ನಡೆಸಿದ್ದಾರೆ. ಅವರದೇನೂ ತಪ್ಪಿಲ್ಲ. ವಿಶ್ವಬ್ಯಾಂಕ್ ವಾಷಿಂಗ್ಟನ್ನಿನಲ್ಲಿ ಬರೆದ ಒಂದು ಷರತ್ತು ಮೊಜಾಂಬಿಕ್‌ನಲ್ಲಿ ಒಬ್ಬಳ ಕೂಲಿ ತಪ್ಪಿಸಿ ಇಲ್ಲಿ ಇನ್ನೊಬ್ಬಳಿಗೆ ಕೂಲಿ ಒದಗಿಸಿತು ಎಂಬುದಷ್ಟನ್ನು ನಾವು ತಿಳಿದಿರಬೇಕು.

ಮನ್ನಾ ಮಾಡಿದರೆ ಮತ್ತೆ ಸಾಲ ಮಾಡುವುದಿಲ್ಲವೇ?

ಮಾಡುತ್ತಾರೆ, ಮಾಡಿದ್ದಾರೆ. ಘಾನಾ 2004ರಲ್ಲಿ ಪರಿಹಾರ ಪಡೆದು 2022ರ ಡಿಸೆಂಬರಿನಲ್ಲಿ ಕಂತು ನಿಲ್ಲಿಸಿತು. ಜಾಂಬಿಯಾ 2005ರಲ್ಲಿ ಪಡೆದು 2020ರಲ್ಲಿ ಬಿತ್ತು. ಅತ್ಯಂತ ನಾಚಿಕೆಗೇಡಿನ ಉದಾಹರಣೆ ಮತ್ತೆ ಮೊಜಾಂಬಿಕ್‌ನದೇ. 2013–14ರಲ್ಲಿ ಟ್ಯೂನಾ ಮೀನುಗಾರಿಕೆ, ಕರಾವಳಿ ಕಾವಲು ಎಂಬ ಹೆಸರಿನಲ್ಲಿ ಮೂರು ಸರ್ಕಾರಿ ಕಂಪನಿಗಳು ಸುಮಾರು 200 ಕೋಟಿ ಡಾಲರ್ ಸಾಲ ಎತ್ತಿದವು. ಅದರಲ್ಲಿ ಅರ್ಧಕ್ಕೂ ಹೆಚ್ಚಿನದನ್ನು ಸಂಸತ್ತಿಗೂ ಹಣಕಾಸು ನಿಧಿಗೂ ತಿಳಿಸದೆ ಮುಚ್ಚಿಡಲಾಗಿತ್ತು. 2016ರಲ್ಲಿ ಬಯಲಾದಾಗ ನೆರವು ನಿಂತಿತು, ಕರೆನ್ಸಿ ಕುಸಿಯಿತು. ಸಾಲ ಒದಗಿಸಿದ್ದ ಕ್ರೆಡಿಟ್ ಸ್ವಿಸ್ ಬ್ಯಾಂಕ್ 2021ರಲ್ಲಿ ವಿವಿಧ ದೇಶಗಳ ನಿಯಂತ್ರಕರಿಗೆ 47.5 ಕೋಟಿ ಡಾಲರ್ ಕಟ್ಟಿ ರಾಜಿಯಾಯಿತು. ಮಾಜಿ ಹಣಕಾಸು ಸಚಿವ ಮ್ಯಾನುಯೆಲ್ ಚಾಂಗ್ 2024ರಲ್ಲಿ ನ್ಯೂಯಾರ್ಕ್ ನ್ಯಾಯಾಲಯದಲ್ಲಿ ತಪ್ಪಿತಸ್ಥರೆಂದು ಸಾಬೀತಾಯಿತು.

ಇದರಿಂದ ‘ಮನ್ನಾ ಬೇಡ’ ಎಂಬ ತೀರ್ಮಾನಕ್ಕೆ ಬರುವುದು ನನಗೆ ಒಪ್ಪಿಗೆಯಿಲ್ಲ. ಕೊಡುವವನೂ ಕಣ್ಣುಮುಚ್ಚಿ ಕೊಟ್ಟಿದ್ದಾನಲ್ಲ! ನಷ್ಟದಲ್ಲಿ ತನಗೂ ಪಾಲಿದೆ ಎಂದು ಮೊದಲೇ ಗೊತ್ತಿದ್ದರೆ ಅಷ್ಟು ಸುಲಭವಾಗಿ ಕೊಡುತ್ತಿರಲಿಲ್ಲ.

ಜಾಂಬಿಯಾದ ಮಾತುಕತೆ ಅಷ್ಟು ವರ್ಷ ಎಳೆದದ್ದು ಏಕೆ?

2020ರ ನವೆಂಬರಿನಲ್ಲಿ ಜಾಂಬಿಯಾ 4.25 ಕೋಟಿ ಡಾಲರಿನ ಒಂದು ಬಡ್ಡಿ ಕಂತನ್ನು ತಪ್ಪಿಸಿತು. ಅದೇ ತಿಂಗಳು ಜಿ20 ದೇಶಗಳು ‘ಸಾಮಾನ್ಯ ಚೌಕಟ್ಟು’ ಎಂಬ ಹೊಸ ವ್ಯವಸ್ಥೆಯನ್ನು ಪ್ರಕಟಿಸಿದವು. ಚೀನಾ, ಭಾರತ, ಪ್ಯಾರಿಸ್ ಕ್ಲಬ್ ಎಲ್ಲರೂ ಒಂದೇ ಮೇಜಿಗೆ ಬರುವುದು, ಖಾಸಗಿಯವರೂ ಅಷ್ಟೇ ಪ್ರಮಾಣದಲ್ಲಿ ಬಿಟ್ಟುಕೊಡುವುದು ಎಂಬುದು ಅದರ ಆಶಯ. ಸರ್ಕಾರಿ ಸಾಲದಾತರು 630 ಕೋಟಿ ಡಾಲರ್ ಸಾಲದ ಬಗ್ಗೆ ಒಪ್ಪಿದ್ದು 2023ರ ಜೂನ್‌ನಲ್ಲಿ: ವಾಯಿದೆ 2043ರವರೆಗೆ, 2037ರ ತನಕ ಬಡ್ಡಿ ಶೇಕಡಾ 1. ನವೆಂಬರಿನಲ್ಲಿ ಬಾಂಡುದಾರರೊಂದಿಗೆ ಆದ ಒಪ್ಪಂದವನ್ನು ‘ಅವರು ಸಾಕಷ್ಟು ಬಿಟ್ಟಿಲ್ಲ’ ಎಂದು ಸರ್ಕಾರಿ ಸಾಲದಾತರು ತಳ್ಳಿಹಾಕಿದರು. ಬಾಂಡುಗಳ ವಿಷಯ ಮುಗಿದದ್ದು 2024ರ ಜೂನ್‌ನಲ್ಲಿ.

ಮೂರೂವರೆ ವರ್ಷ! ಅಷ್ಟು ಕಾಲ ಹೊಸ ಹೂಡಿಕೆ ಬರುವುದಿಲ್ಲ, ರಸ್ತೆ ಅರ್ಧಕ್ಕೆ ನಿಂತಿರುತ್ತದೆ. ಪ್ರತಿಯೊಬ್ಬ ಸಾಲದಾತನೂ ತಾನು ಬಿಟ್ಟರೆ ಇನ್ನೊಬ್ಬನಿಗೆ ಲಾಭವಾದೀತೆಂದು ಕಾಯುತ್ತಾನೆ. ಕಾಯುವುದಕ್ಕೆ ಅವನಿಗೆ ಖರ್ಚಿಲ್ಲ. ಆಜ್ಞೆ ಮಾಡುವ ನ್ಯಾಯಾಧೀಶನಿಲ್ಲ ಎಂದು ಮೇಲೆ ಹೇಳಿದ್ದು ಇದನ್ನೇ.

ಎಲ್ಲಕ್ಕೂ ಚೀನಾದ ‘ಸಾಲದ ಬಲೆ’ಯೇ ಕಾರಣವೇ?

ತೀರಿಸಲಾಗದಷ್ಟು ಸಾಲ ಕೊಟ್ಟು ಚೀನಾ ಬಡ ದೇಶಗಳನ್ನು ಹಿಡಿತಕ್ಕೆ ತೆಗೆದುಕೊಳ್ಳುತ್ತದೆ ಎಂಬ ಮಾತಿದು. ಟಿವಿ ಚರ್ಚೆಗಳಲ್ಲಿ ಹೌದು. ಜಾಂಬಿಯಾದ 630 ಕೋಟಿಯಲ್ಲಿ ಹೆಚ್ಚಿನದು ಚೀನಾದ್ದೇ, ಅದರ ಕರಾರುಗಳಲ್ಲಿ ಗುಟ್ಟೂ ಹೆಚ್ಚು. ಆದರೆ ಶ್ರೀಲಂಕಾ, ಘಾನಾಗಳನ್ನು ಹಿಂಡಿದ್ದು ಬಹುಮಟ್ಟಿಗೆ ಡಾಲರ್ ಬಾಂಡುಗಳು. ಕೋವಿಡ್ ಕಾಲದಲ್ಲಿ 2020ರ ಮೇ ತಿಂಗಳಿಂದ 2021ರ ಕೊನೆಯವರೆಗೆ 48 ದೇಶಗಳಿಗೆ 1,290 ಕೋಟಿ ಡಾಲರಿನ ಕಂತುಗಳನ್ನು ಮುಂದೂಡಲಾಯಿತು. ಅದರಲ್ಲಿ ಚೀನಾ ಸರ್ಕಾರ ಭಾಗವಹಿಸಿತು, ಖಾಸಗಿ ಸಾಲದಾತರು ಹೆಚ್ಚುಕಡಿಮೆ ದೂರವೇ ಉಳಿದರು.

‘ರಣಹದ್ದು ನಿಧಿ’ ಎಂದರೇನು?

ದೇಶವೊಂದು ಸಂಕಟದಲ್ಲಿರುವಾಗ ಅದರ ಹಳೆಯ ಸಾಲಪತ್ರವನ್ನು ಕಡಿಮೆ ಬೆಲೆಗೆ ಕೊಂಡು, ನಂತರ ಪೂರ್ತಿ ಮೊತ್ತಕ್ಕೆ ದಾವೆ ಹೂಡುವವರು. ಟ್ರ್ಯಾಕ್ಟರ್ ಮುಂತಾದವನ್ನು ಕೊಳ್ಳಲು ಜಾಂಬಿಯಾ ರೊಮೇನಿಯಾದಿಂದ ಪಡೆದಿದ್ದ ಸಾಲವನ್ನು ಡೊನೆಗಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿ ಸುಮಾರು 33 ಲಕ್ಷ ಡಾಲರಿಗೆ ಕೊಂಡು, 5.5 ಕೋಟಿ ಡಾಲರ್ ಕೇಳಿ ಲಂಡನ್ನಿನಲ್ಲಿ ದಾವೆ ಹೂಡಿತು. 2007ರಲ್ಲಿ ನ್ಯಾಯಾಲಯ ಸುಮಾರು 1.5 ಕೋಟಿ ಕೊಡಿಸಿತು. ಎರಡು ವರ್ಷದ ಹಿಂದಷ್ಟೇ ಮನ್ನಾ ಪಡೆದಿದ್ದ ದೇಶದಿಂದ. ಸಿಟ್ಟಿಗೆದ್ದ ಜನಾಭಿಪ್ರಾಯದಿಂದಾಗಿ ಬ್ರಿಟನ್ 2010ರಲ್ಲಿ ಇದಕ್ಕೆ ಕಡಿವಾಣ ಹಾಕುವ ಕಾನೂನು ಮಾಡಿತು, ಆದರೆ ಅದು 1996ರ ಮನ್ನಾ ಯೋಜನೆಯ ದೇಶಗಳ ಹಳೆಯ ಸಾಲಗಳಿಗೆ ಸೀಮಿತ.

ಭಾರತ ಎಂದಾದರೂ ಈ ಸ್ಥಿತಿಗೆ ಬಂದಿತ್ತೇ? ಈಗ ನಾವು ಯಾರ ಪಕ್ಷ?

1991ರಲ್ಲಿ ಅಂಚಿನವರೆಗೆ ಹೋಗಿದ್ದೆವು. ಕೈಯಲ್ಲಿದ್ದ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟಿತ್ತು. ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಲ್ಲಿ ಅಡವಿಟ್ಟು ಡಾಲರ್ ತಂದಿತು. ಕಂತು ಮಾತ್ರ ತಪ್ಪಲಿಲ್ಲ.

ಈಗ ನಾವು ಸಾಲ ಕೊಡುವವರ ಸಾಲಿನಲ್ಲಿಯೂ ಇದ್ದೇವೆ. ಕೇಂದ್ರ ಸರ್ಕಾರದ ರಫ್ತು-ಆಮದು ಬ್ಯಾಂಕಾದ ಎಕ್ಸಿಮ್ ಬ್ಯಾಂಕ್ ಮೂಲಕ ಆಫ್ರಿಕಾದ ಹಲವು ದೇಶಗಳಿಗೆ ಸಾಲ ಹೋಗುತ್ತದೆ. ಇಥಿಯೋಪಿಯಾದ ಸಕ್ಕರೆ ಕಾರ್ಖಾನೆಗಳಿಗೆ ಕೊಟ್ಟ 64 ಕೋಟಿ ಡಾಲರ್ ಅದರಲ್ಲೊಂದು. ಶ್ರೀಲಂಕಾಕ್ಕೆ 2022ರಲ್ಲಿ ಸುಮಾರು 400 ಕೋಟಿ ಡಾಲರಿನ ನೆರವು ಕೊಟ್ಟೆವು, ಅದರ ಸಾಲದಾತರ ಸಮಿತಿಗೆ ಜಪಾನ್, ಫ್ರಾನ್ಸ್ ಜೊತೆ ಸಹ ಅಧ್ಯಕ್ಷರೂ ಆದೆವು. ಬಡವರ ಪರ ಮಾತನಾಡುವುದು ಮತ್ತು ಬಾಕಿ ವಸೂಲಿ ಮಾಡುವುದು ಎರಡನ್ನೂ ಒಬ್ಬರೇ ಮಾಡುವಾಗ ಆಗುವ ಇಕ್ಕಟ್ಟು ದೆಹಲಿಗೂ ಇದೆ.

ಶ್ರೀಲಂಕಾ ರೂಪಾಯಿ ಬಿದ್ದರೆ ನಮ್ಮ ಅಡಿಕೆ ಧಾರಣೆಯೂ ಬೀಳುತ್ತದೆಯೇ?

ಭಯಕ್ಕೆ ಕಾರಣವಿದೆ. ಎರಡು ದೇಶಗಳ ನಡುವೆ 2000ದಿಂದ ಮುಕ್ತ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ, ಅಲ್ಲಿಂದ ಅಡಿಕೆ ಬರುತ್ತದೆ, ಅವರ ಕರೆನ್ಸಿ ಅಗ್ಗವಾದರೆ ಅವರ ಮಾಲೂ ಅಗ್ಗ. ತಡೆಯಲೆಂದು ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆ ನಿಗದಿಪಡಿಸಿದೆ. 2023ರ ಫೆಬ್ರವರಿಯಲ್ಲಿ ಅದನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಲಾಯಿತು. ಕಳ್ಳದಾರಿಯಲ್ಲಿ ಬರುವ ಅಡಿಕೆಗೆ ಈ ಬೆಲೆಯ ಹಂಗಿಲ್ಲ ಎಂಬುದನ್ನು ಬೆಳೆಗಾರರಿಗೆ ನಾನು ಹೇಳಬೇಕಾಗಿಲ್ಲ.

ಪತ್ರಿಕೆಯಲ್ಲಿ ‘ಇಂಥ ದೇಶಕ್ಕೆ ಸಾಲ ಪರಿಹಾರ’ ಎಂದು ಬಂದರೆ ಏನನ್ನು ನೋಡಬೇಕು?

ಅಸಲು ಕಡಿತವಾಯಿತೇ, ಬಡ್ಡಿ ಇಳಿಯಿತೇ, ಇಲ್ಲ ವಾಯಿದೆ ಮಾತ್ರ ಮುಂದೆ ಹೋಯಿತೇ ನೋಡಿ. ಮೇಲೆ ಹೇಳಿದ 48 ದೇಶಗಳ ಕೋವಿಡ್ ಕಾಲದ ಪರಿಹಾರದಲ್ಲಿ ಒಂದು ಡಾಲರೂ ಮನ್ನಾ ಆಗಲಿಲ್ಲ, ಕಂತು ಮುಂದಕ್ಕೆ ಹೋಯಿತು ಅಷ್ಟೇ. ಖಾಸಗಿ ಬಾಂಡುದಾರರು ಒಪ್ಪಿದ್ದಾರೆಯೇ ಎಂಬುದನ್ನೂ ನೋಡಿ. ಇಥಿಯೋಪಿಯಾ 2021ರಲ್ಲಿ ಜಿ20ಯ ‘ಸಾಮಾನ್ಯ ಚೌಕಟ್ಟಿ’ನಡಿ ಅರ್ಜಿ ಹಾಕಿ, 2023ರ ಡಿಸೆಂಬರಿನಲ್ಲಿ 3.3 ಕೋಟಿ ಡಾಲರಿನ ಬಾಂಡ್ ಬಡ್ಡಿ ತಪ್ಪಿಸಿ, ಸರ್ಕಾರಿ ಸಾಲದಾತರೊಂದಿಗೆ ಒಪ್ಪಂದಕ್ಕೆ ಬಂದದ್ದು 2025ರಲ್ಲಿ.

ಕರ್ನಾಟಕ ಸರ್ಕಾರದ ಸಾಲಮನ್ನಾ ನಮಗೆ ಅನ್ವಯಿಸುತ್ತದೆಯೇ?

ವಿಷಯಕ್ಕೆ ಹೊರಗಿನ ಪ್ರಶ್ನೆ, ಆದರೂ ಪ್ರತಿ ಸಲ ಯಾರಾದರೊಬ್ಬರು ಕೇಳುತ್ತಾರೆ. ಇಲ್ಲ. ಕನ್ನಡ ಪತ್ರಿಕೆಯಲ್ಲಿ ಓದಿದ ಮಾತ್ರಕ್ಕೆ ಪೆರ್ಲದ ಸಾಲ ಬೆಂಗಳೂರಿನಲ್ಲಿ ಮನ್ನಾ ಆಗುವುದಿಲ್ಲ. ಸಹಕಾರಿ ಬ್ಯಾಂಕಿನ ಕೃಷಿ ಸಾಲವಾದರೆ ಕೇರಳದ ರೈತರ ಸಾಲ ಪರಿಹಾರ ಆಯೋಗಕ್ಕೆ ಅರ್ಜಿ ಹಾಕಬೇಕು. ಯಾವ ದಿನಾಂಕಕ್ಕೆ ಮುಂಚಿನ ಸಾಲ ಸೇರುತ್ತದೆ, ಅರ್ಜಿ ಯಾವಾಗ ತೆಗೆದುಕೊಳ್ಳುತ್ತಾರೆ ಎಂಬುದು ಕಾಲಕಾಲಕ್ಕೆ ಬದಲಾಗುತ್ತದೆ. ನಿಮ್ಮ ಪಂಚಾಯತಿನ ಕೃಷಿಭವನದಲ್ಲಿ ವಿಚಾರಿಸಿ. ಭಾಷಾ ಅಲ್ಪಸಂಖ್ಯಾತರಾದ ನಾವು ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಬಹುದು.